ಹೆಳವರ ಹೊತ್ತಿಗೆ, ಶಾಲೆಯ ದಾಖಲೆ, ಹೊಲದ ಉತಾರ

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ಬರುವ ನಮ್ಮ ಮನೆತನದ ಹೆಳವರು (ಮನೆತನಗಳ ವಂಶಾವಳಿಯನ್ನು ಹೊತ್ತಿಗೆಯಲ್ಲಿ ಬರೆದಿಟ್ಟು ಓದಿ ಹೇಳುವವರು) ಓದಿದ ವಂಶಾವಳಿಯಂತೆ, ನಮ್ಮ ಮುತ್ತಜ್ಜ ಧಾತು ಸಂವತ್ಸರದ ಬರದಲ್ಲಿ ಹೆಂಡತಿಯೊಂದಿಗೆ ವಿಜಯಪುರದ ಕಡೆಯಿಂದ ಈ ಊರಿಗೆ ಬಂದವರು. ಅವರ ಮಗನಾದ ನಮ್ಮ ಅಜ್ಜ ಹುಟ್ಟಿದ್ದು 1–6–1912 ಎಂದು ಇದೇ ಊರಿನ ಶಾಲೆಯ ದಾಖಲೆ ಹೇಳುತ್ತದೆ. ಉತಾರದ (ಹೊಲದ ಹಕ್ಕಿನ ದಾಖಲೆಯ) ಪ್ರಕಾರ ಹೊಲ ಅಜ್ಜನ ಹೆಸರಿಗೆ ಏರಿದ್ದು 1941ರಲ್ಲಿ. ಇವು ಒಂದಕ್ಕೊಂದು ತಾಳೆಯಾಗುತ್ತವೆಯೇ?
— ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಶಕವರ್ಷವಿಲ್ಲದ ‘ಧಾತು’ 1816, 1876, 1936 ಇವುಗಳಲ್ಲಿ ಯಾವುದೂ ಆಗಬಹುದು. ಆದರೆ ನಿಮ್ಮಲ್ಲಿ ಬರದ ಮಾತೂ ಇದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದರೆ ವಿಜಯಪುರದ ಸೀಮೆಯನ್ನು ಬರಿದು ಮಾಡಿದ 1876–78ರ ಕ್ಷಾಮವೇ. ಆಗಲೇ ಹೆಂಡತಿಯೊಂದಿಗೆ ಬಂದವರಿಗೆ 1912ರಲ್ಲಿ ಮಗ ಹುಟ್ಟುವುದು ಅಸಾಧ್ಯವಲ್ಲವಾದರೂ, ನಡುವೆ ಒಂದು ತಲೆಮಾರು ಬಿಟ್ಟುಹೋಗಿರುವ ಸಂಭವವೇ ನನಗೆ ಹೆಚ್ಚಾಗಿ ಕಾಣುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ, ಒಂದೇ ಹೆಸರಿನ ಇಬ್ಬರು ಹೊತ್ತಿಗೆಯಿಂದ ಹೊತ್ತಿಗೆಗೆ ಪ್ರತಿಯಾಗುವಾಗ ಒಬ್ಬರಾಗಿಬಿಡುವುದು ಸಾಮಾನ್ಯ.

ಶಾಲೆಯ ತಾರೀಖನ್ನಂತೂ ಅಕ್ಷರಶಃ ಹಿಡಿಯಬೇಡಿ. ತಲೆಯ ಮೇಲಿಂದ ಕೈ ಬಳಸಿ ಕಿವಿ ಮುಟ್ಟಿಸಿ, ಮುಟ್ಟಿದರೆ ಆರು ತುಂಬಿತೆಂದು ಜೂನ್ ಒಂದನ್ನು ಬರೆದುಕೊಂಡ ಮಾಸ್ತರರು ಊರೂರಿನಲ್ಲಿದ್ದರು; ಎರಡು ಮೂರು ವರ್ಷ ಆಚೀಚೆ ಆಗಿರಬಹುದು. 1941 ಸಹ ಮುತ್ತಜ್ಜ ತೀರಿಕೊಂಡ ವರ್ಷವೆಂದು ತಿಳಿಯಬೇಕಾಗಿಲ್ಲ. ವಾರಸಾ ನೋಂದಣಿಯನ್ನು ಸಾಲವೋ ಪಾಲೋ ಎದುರಾಗುವ ತನಕ ಮುಂದೂಡಿದ ಮನೆಗಳು ಬೇಕಾದಷ್ಟಿವೆ.

ಆದ್ದರಿಂದ ಮುಂದಿನ ಸಲ ಹೆಳವರು ಬಂದಾಗ ನಿಮ್ಮ ಕವಲನ್ನಷ್ಟೇ ಅಲ್ಲದೆ ದಾಯಾದಿಗಳ ಕವಲನ್ನೂ ಓದಿಸಿ, ವಲಸೆ ಬಂದವರಿಂದ ನಿಮ್ಮ ಅಜ್ಜನ ಓರಗೆಯವರ ತನಕ ಅಲ್ಲಿ ಎಷ್ಟು ತಲೆಮಾರು ಬರುತ್ತದೆಂದು ಎಣಿಸಿರಿ. ಕಾಳು, ಬಟ್ಟೆ ಕೊಟ್ಟು ಕಳಿಸುವ ಮನೆಯೆದುರು ಹಿರಿಯರ ಶೌರ್ಯ ಸ್ವಲ್ಪ ಬೆಳೆದೀತು, ಅದನ್ನು ಬಿಡಿ. ಬೆಡಗು (ಕುಲದೊಳಗಿನ ಬಳಿ), ಮೂಲದ ಊರು, ಅಣ್ಣತಮ್ಮಂದಿರ ಕ್ರಮ ಇವುಗಳನ್ನು ಅವರು ಜತನದಿಂದಲೇ ಕಾಯುತ್ತಾರೆ. ಹೆಣ್ಣುಮಕ್ಕಳ ಹೆಸರು ಅಲ್ಲಿ ಅಪರೂಪ. ಮುತ್ತಜ್ಜಿಯ ಹೆಸರು ಬೇಕಿದ್ದರೆ ತಹಶೀಲ್ದಾರರ ಕಚೇರಿಯ ದಾಖಲೆ ಕೋಣೆಯಲ್ಲಿ 1941ರ ನೋಂದಣಿಯ ಮೂಲಪ್ರತಿಗೆ ಅರ್ಜಿ ಹಾಕಿ, ಏಕೆಂದರೆ ವಾರಸುದಾರರ ಸಾಲಿನಲ್ಲಿ ವಿಧವೆಯ ಹೆಸರು ಇರಬಹುದು. ಅದಕ್ಕಿಂತ ಹಳೆಯ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದಲೇ ಓದಿಸಿರಿ.