ಪೋಲೆಂಡಿನಲ್ಲಿ ಮುಸ್ಲಿಮರು ತೀರಾ ಕಡಿಮೆ, ಆದರೂ ಇಸ್ಲಾಂ ಬಗ್ಗೆ ಅಷ್ಟು ಆತಂಕ ಯಾಕೆ?

ಅಲ್ಲಿ ಪೋಲಿಷ್ ಅಂದರೆ ಕ್ಯಾಥೊಲಿಕ್ ಅನ್ನುವ ಭಾವನೆ ಆಳವಾಗಿದೆ. 1795ರಿಂದ 1918ರವರೆಗೆ ನೆರೆಯ ಸಾಮ್ರಾಜ್ಯಗಳು ಹಂಚಿಕೊಂಡಿದ್ದರಿಂದ ದೇಶವೇ ನಕಾಶೆಯಲ್ಲಿ ಇರಲಿಲ್ಲ. ಆಗ ಜನರನ್ನು ಹಿಡಿದಿಟ್ಟಿದ್ದರಲ್ಲಿ ಚರ್ಚಿನ ಪಾಲು ದೊಡ್ಡದು. ಕಮ್ಯುನಿಸ್ಟರ ಕಾಲದಲ್ಲೂ ಅದೇ ಆಸರೆ. 2015ರಲ್ಲಿ ಯುರೋಪಿಗೆ ವಲಸಿಗರು ಜಾಸ್ತಿ ಬಂದಾಗ ಕೆಲವು ರಾಜಕಾರಣಿಗಳು ಈ ಭಾವನೆಯನ್ನೇ ಭಯವಾಗಿ ತಿರುಗಿಸಿದರು. 2017ರ ಅಕ್ಟೋಬರ್ 7ರಂದು ಜನ ಗಡಿಯುದ್ದಕ್ಕೂ ಜಪಮಾಲೆ ಹಿಡಿದು ಪ್ರಾರ್ಥಿಸಿದರು. 1571ರಲ್ಲಿ ಲೆಪಾಂಟೊ ಸಮುದ್ರ ಯುದ್ಧದಲ್ಲಿ ತುರ್ಕಿಯ ಮುಸ್ಲಿಂ ಸಾಮ್ರಾಜ್ಯವಾದ ಅಟೊಮನ್ನರ ನೌಕಾಪಡೆ ಕ್ರೈಸ್ತ ಪಡೆಗಳಿಗೆ ಸೋತಿದ್ದು ಅದೇ ದಿನ.

ಆದರೆ ಟಾಟರ್ ಎಂಬ ಜನಾಂಗದ ಮುಸ್ಲಿಮರು ಅಲ್ಲಿ ಶತಮಾನಗಳಿಂದ ಇದ್ದಾರೆ, ಇದನ್ನು ಮರೆಯುವುದು ಅನ್ಯಾಯ ಅಲ್ವಾ? 1683ರಲ್ಲಿ ವಿಯೆನ್ನಾದಲ್ಲಿ ಅಟೊಮನ್ನರನ್ನು ಸೋಲಿಸಿದ ಪೋಲೆಂಡಿನ ರಾಜ ಸೊಬಿಯೆಸ್ಕಿಯೇ 1679ರಲ್ಲಿ ಟಾಟರ್ ಸೈನಿಕರಿಗೆ ಭೂಮಿ ಕೊಟ್ಟಿದ್ದ. ಆ ಭೂಮಿ ಇದ್ದ ಕ್ರುಶಿನ್ಯಾನಿ ಹಳ್ಳಿಯಲ್ಲಿ ಹಸಿರು ಬಣ್ಣದ ಮರದ ಮಸೀದಿ ಈಗಲೂ ಇದೆ. 2014ರಲ್ಲಿ ಯಾರೋ ಅದರ ಗೋಡೆಯ ಮೇಲೆ ಹಂದಿಯ ಚಿತ್ರ ಬರೆದು ಹೋದರು.