ಬ್ಲಾಕ್‌ಚೈನ್‌ಗೆ, ಅಂದರೆ ಬ್ಲಾಕ್‌ಗಳ ಸರಪಳಿಯಂತಿರುವ ಡಿಜಿಟಲ್ ದಾಖಲೆ ಪುಸ್ತಕಕ್ಕೆ, ಸೇರಿಹೋದ ನಮ್ಮ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಇದೆಯಾ?

ಯುರೋಪಿನಲ್ಲಿ ಇದೆ. ಅಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ 17ನೇ ವಿಧಿಯಂತೆ, ಕೆಲವು ಸಂದರ್ಭಗಳಲ್ಲಿ ನಮ್ಮ ವೈಯಕ್ತಿಕ ಮಾಹಿತಿಯನ್ನು ಅಳಿಸಿ ಎಂದು ಕೇಳಬಹುದು.

ಆದರೆ ಬ್ಲಾಕ್‌ಚೈನ್ ಇರುವುದೇ ಅಳಿಸಲು ಬಾರದ ಹಾಗೆ, ಅಲ್ವಾ? ಪ್ರತಿ ಬ್ಲಾಕ್‌ನಲ್ಲೂ ಹಿಂದಿನ ಬ್ಲಾಕ್‌ನ ಹ್ಯಾಶ್ ಇರುತ್ತದೆ, ಅಂದರೆ ಅದರ ಮಾಹಿತಿಯಿಂದ ಲೆಕ್ಕ ಹಾಕಿ ಪಡೆದ ಸಂಕೇತ, ಒಂಥರಾ ಬೆರಳಚ್ಚು. ಹಳೆಯ ಬ್ಲಾಕ್‌ನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಮುಂದಿನ ಬ್ಲಾಕ್ ಜೊತೆ ತಾಳೆಯಾಗುವುದಿಲ್ಲ. ಸಾಲದ್ದಕ್ಕೆ ಪ್ರತಿಗಳು ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತವೆ. ಅಳಿಸಿ ಎಂದು ಕೇಳುವುದು ಯಾರನ್ನು? ನನಗೆ ನಿಜವಾದ ತೊಡಕು ಇದೇ ಅನ್ನಿಸುತ್ತದೆ. ಕಾನೂನು ಒಬ್ಬ ಹೊಣೆಗಾರನನ್ನು ಹುಡುಕುತ್ತದೆ. ಬಿಟ್‌ಕಾಯಿನ್‌ನಂಥ ತೆರೆದ ಜಾಲದಲ್ಲಿ ಅಂಥವರೊಬ್ಬರು ಸಿಗುವುದಿಲ್ಲ.

ಹಾಗಾಗಿ ಹೆಸರು, ವಿಳಾಸ, ಫೋನ್ ನಂಬರ್‌ಗಳನ್ನು ಚೈನ್ ಮೇಲೆ ಹಾಕಲೇಬಾರದು. ಅವು ಹೊರಗಿನ ಡೇಟಾಬೇಸ್‌ನಲ್ಲಿರಲಿ, ಚೈನ್ ಮೇಲೆ ಹ್ಯಾಶ್ ಮಾತ್ರ ಇರಲಿ. ಇಲ್ಲೂ ಎಚ್ಚರ ಬೇಕು. ಫೋನ್ ನಂಬರನ್ನು ಸುಮ್ನೆ ಹ್ಯಾಶ್ ಮಾಡಿದರೆ, ಇರುವ ನಂಬರುಗಳನ್ನೆಲ್ಲ ಒಂದೊಂದಾಗಿ ಹ್ಯಾಶ್ ಮಾಡಿ ಯಾರಾದರೂ ಪತ್ತೆ ಹಚ್ಚಿಬಿಡಬಹುದು. ಅದಕ್ಕೇ ಜೊತೆಗೊಂದು ಉದ್ದನೆಯ ಗುಟ್ಟಿನ ಸಂಖ್ಯೆ ಸೇರಿಸಬೇಕು. ಅಳಿಸಿ ಎಂಬ ಕೋರಿಕೆ ಬಂದಾಗ ಮೂಲ ಮಾಹಿತಿಯ ಜೊತೆ ಆ ಸಂಖ್ಯೆಯನ್ನೂ ಅಳಿಸಬೇಕು.