‘ನಾನು ಯಾರು’ ಎಂಬುದು ಜಪವೇ? ಅದಕ್ಕಾಗಿ ಮನೆ ಬಿಡಬೇಕೇ?

ಪ್ರಶ್ನೆ: ರಮಣ ಮಹರ್ಷಿಗಳು ಹೇಳಿದ ‘ನಾನು ಯಾರು’ ಎಂಬ ಪ್ರಶ್ನೆಯನ್ನು ದಿನವೂ ಬೆಳಗ್ಗೆ ಕುಳಿತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಕಚೇರಿಯ ಚಿಂತೆಗಳು ಮುತ್ತಿಕೊಳ್ಳುತ್ತವೆ. ಮಹರ್ಷಿಗಳೇ ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟವರು. ಸಂಸಾರದಲ್ಲಿರುವ ನನ್ನಂಥವರಿಗೆ ಈ ಮಾರ್ಗ ಹೊಂದುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮುಂದೆ ರಮಣ ಮಹರ್ಷಿಗಳಾದ ವೆಂಕಟರಾಮನ್ ಎಂಬ ಶಾಲಾ ಬಾಲಕನನ್ನು ಸಾವಿನ ಭಯ ಒಮ್ಮೆಲೇ ಆವರಿಸಿದ್ದು, ಅವನು ಶವದಂತೆ ಮಲಗಿ ‘ಸಾಯುವುದು ಈ ದೇಹ, ಹಾಗಾದರೆ ನಾನು?’ ಎಂದು ಒಳಗೆ ಹುಡುಕಿದ್ದು 1896ರ ಜುಲೈನಲ್ಲಿ, ಮಧುರೆಯ ಚಿಕ್ಕಪ್ಪನ ಮನೆಯಲ್ಲಿ. ಅಣ್ಣನ ಕಾಲೇಜು ಶುಲ್ಕಕ್ಕೆಂದು ಕೈಗೆ ಬಂದಿದ್ದ ಐದು ರೂಪಾಯಿಯಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು, ಉಳಿದ ಎರಡನ್ನು ಒಂದು ಚೀಟಿಯ ಜೊತೆಗಿಟ್ಟು ಅವನು ತಿರುವಣ್ಣಾಮಲೈಗೆ ಹೊರಟದ್ದು ಆರು ವಾರಗಳ ನಂತರ. ಅಂದರೆ ಅನುಭವ ಮೊದಲು, ಮನೆ ಬಿಟ್ಟದ್ದು ಆಮೇಲೆ. ಜೀವನಚರಿತ್ರೆಗಳನ್ನು ಓದುವಾಗ ಈ ಅನುಕ್ರಮವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಸಂಸಾರ ಬಿಡಲೇ ಎಂದು ಕೇಳಿ ಬಂದವರನ್ನು ಅವರು ಉತ್ತೇಜಿಸುತ್ತಿರಲಿಲ್ಲ. ‘ನಾನು ಗೃಹಸ್ಥ’ ಎಂಬ ಭಾವನೆ ಹೋಗಿ ‘ನಾನು ಸಂನ್ಯಾಸಿ’ ಎಂಬ ಭಾವನೆ ಬಂದರೆ ಬದಲಾದದ್ದೇನು ಎಂಬುದು ಅವರ ಉತ್ತರದ ತಿರುಳು. ಆಶ್ರಮದಲ್ಲಿ ಅವರೇ ನಸುಕಿನಲ್ಲೆದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂರುತ್ತಿದ್ದರು. ಪಂಕ್ತಿಯಲ್ಲಿ ತಮಗೆಂದು ಏನಾದರೂ ಹೆಚ್ಚಾಗಿ ಬಡಿಸಿದರೆ ಒಪ್ಪುತ್ತಿರಲಿಲ್ಲ. ‘ನಾನು ಯಾರು’ ಎಂದು ಇಂದು ನಾವು ಓದುವ ಉಪದೇಶ ಹುಟ್ಟಿದ್ದೂ ಕಂದಾಯ ಇಲಾಖೆಯ ನೌಕರರಾಗಿದ್ದ ಶಿವಪ್ರಕಾಶಂ ಪಿಳ್ಳೈಯವರ ಪ್ರಶ್ನೆಗಳಿಂದ. ಆಗ ಮೌನದಲ್ಲಿದ್ದ ಯುವಕ ರಮಣರು ಉತ್ತರಗಳನ್ನು ಬರೆದು ತೋರಿಸಿದ್ದರು.

ಇನ್ನು ಅಭ್ಯಾಸದ ಮಾತು. ನೀವು ಮಾಡುತ್ತಿರುವುದು ಜಪ, ವಿಚಾರವಲ್ಲ; ವಿಚಾರವೆಂದರೆ ‘ನಾನು’ ಎಂಬುದು ಏನೆಂದು ಒಳಗೇ ಹುಡುಕುವುದು. ಜಪ ತಪ್ಪಲ್ಲ, ಆದರೆ ಅವರು ಸೂಚಿಸಿದ ಕ್ರಮ ಬೇರೆ. ಸಾಲದ ಕಡತವೊಂದರ ಚಿಂತೆ ಎದ್ದಿತೆನ್ನಿ. ಅದನ್ನು ಓಡಿಸಲು ಹೆಣಗಬಾರದು, ಅದರ ಹಿಂದೆ ಹೋಗಲೂಬಾರದು. ‘ಈ ಚಿಂತೆ ಎದ್ದದ್ದು ಯಾರಿಗೆ?’ ಎಂದು ಕೇಳಿಕೊಳ್ಳಬೇಕು. ‘ನನಗೆ’ ಎಂದು ತೋರಿದೊಡನೆ ‘ಆ ನಾನು ಯಾರು?’ ಎಂದು ಗಮನವನ್ನು ಮಾತಿನ ಉತ್ತರದ ಕಡೆಗಲ್ಲದೆ ‘ನಾನು’ ಎಂಬ ಅರಿವಿನ ಕಡೆಗೇ ತಿರುಗಿಸಬೇಕು. ಎಷ್ಟು ಚಿಂತೆಗಳು ಎದ್ದರೂ ಅಷ್ಟು ಸಲವೂ ಇದೇ. ಹೀಗಾಗಿ ನೀವು ಅಡ್ಡಿಯೆಂದುಕೊಂಡಿರುವ ಕಚೇರಿಯ ಯೋಚನೆಯೇ ವಿಚಾರಕ್ಕೆ ಹಿಡಿಯಾಗುತ್ತದೆ. ಚಿತೆಯನ್ನು ಕೆದಕುವ ಕೋಲು ಕೊನೆಗೆ ತಾನೂ ಉರಿದುಹೋಗುವಂತೆ, ಈ ಪ್ರಶ್ನೆಯೂ ಉಳಿದೆಲ್ಲ ಯೋಚನೆಗಳನ್ನು ಸುಟ್ಟು ತಾನೂ ಅಳಿಯುತ್ತದೆ ಎಂದು ಅವರೇ ಹೇಳಿದ್ದಾರೆ. ಉಳಿಸಿಕೊಳ್ಳಬೇಕಾದ ಮಂತ್ರ ಅದಲ್ಲ.

ಇದು ಸದ್ಯಕ್ಕೆ ಕೈಗೂಡದಿದ್ದರೆ ಧೃತಿಗೆಡಬೇಡಿ. 1927ರಲ್ಲಿ ರಚಿಸಿದ ‘ಉಪದೇಶಸಾರ’ದಲ್ಲಿ ಅವರು ಫಲಾಪೇಕ್ಷೆಯಿಲ್ಲದ ಕರ್ಮ, ಪೂಜೆ, ಜಪ, ಧ್ಯಾನ, ಪ್ರಾಣನಿಯಮನ ಎಲ್ಲಕ್ಕೂ ಸ್ಥಾನ ಕೊಟ್ಟು, ಆಮೇಲೆ ವಿಚಾರಕ್ಕೆ ಬರುತ್ತಾರೆ. ಮನೆದೇವರ ನಾಮಸ್ಮರಣೆಯ ರೂಢಿ ನಿಮಗಿದ್ದರೆ ಅದನ್ನು ಬಿಡುವ ಅಗತ್ಯವಿಲ್ಲ; ನಾಮದಲ್ಲಿ ಮನಸ್ಸು ನಿಂತ ಮೇಲೆ, ಸ್ಮರಿಸುತ್ತಿರುವವರು ಯಾರೆಂದು ನೋಡಿಕೊಳ್ಳಿ.